ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡು ಅಂತ ಫೋನ್ ಕೇಳುತ್ತಿದೆ, ಒಳಗೆ ಹಳೆಯ ಫೋಟೋಗಳಿವೆ. ಮಾಡಲಾ, ಬೇಡವಾ?

ಸದ್ಯಕ್ಕೆ ಬೇಡ. ಫೋನ್ ಆಫ್ ಮಾಡಿ, ಕಾರ್ಡ್ ತೆಗೆದು ಪಕ್ಕಕ್ಕಿಡಿ. ಆಮೇಲೆ ಇದನ್ನು ಓದಿ.

ನೀವು ಕೇಳಿರುವುದು ಇಷ್ಟು. ಚಿತ್ರದುರ್ಗದಲ್ಲಿದ್ದೀರಿ, ಫೋನಿನಲ್ಲಿ 64 ಜಿಬಿ ಕಾರ್ಡ್ ಇದೆ. ‘ಎಸ್‌ಡಿ ಕಾರ್ಡ್‌ನಲ್ಲಿ ಸಮಸ್ಯೆ ಇದೆ, ಸರಿಪಡಿಸಲು ಒತ್ತಿ’ ಅಂತ ಬರುತ್ತಿದೆ. ಒತ್ತಿದರೆ ಫಾರ್ಮ್ಯಾಟ್ ಮಾಡಲೇ ಎನ್ನುತ್ತದೆ. ಒಳಗೆ 2022ರಲ್ಲಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಾಗ ಮನೆಯವರೆಲ್ಲ ಹೋಗಿ ತೆಗೆದ ಫೋಟೋಗಳಿವೆ, ತಂದೆಯವರ ಭಜನೆ ರೆಕಾರ್ಡಿಂಗ್‌ಗಳಿವೆ. ಜೊತೆಗೆ, ಫಾರ್ಮ್ಯಾಟ್ ಮಾಡುವಾಗ ‘ಫೋನ್ ಸ್ಟೋರೇಜ್’ (ಕಾರ್ಡನ್ನು ಫೋನಿನ ಮೆಮೊರಿಯ ಭಾಗವೇ ಮಾಡಿಕೊಳ್ಳುವುದು) ಆರಿಸಬೇಕಾ, ‘ಪೋರ್ಟಬಲ್ ಸ್ಟೋರೇಜ್’ (ಬೇರೆ ಫೋನಿಗೂ ಕಂಪ್ಯೂಟರಿಗೂ ಹಾಕಿ ಓದಬಹುದಾದ ಹಾಗೆ ಇಡುವುದು) ಆರಿಸಬೇಕಾ ಅಂತಲೂ ಕೇಳಿದ್ದೀರಿ. ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದಿದ್ದೇ 2022ರಲ್ಲಿ. ಹಾಗಾಗಿ ಆ ಫೋಟೋಗಳ ವಿಷಯದಲ್ಲಿ ಅವಸರ ಬೇಡ.

ನಾನು ದಾವಣಗೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತೇನೆ. ‘ಅಣ್ಣಾ, ಚಿಪ್ ಹೋಗಿದೆ, ನೋಡಿ’ ಅಂತ ಬರುವವರು ಇವತ್ತಿಗೂ ಇದ್ದಾರೆ. ಅದರಲ್ಲಿ ಎಷ್ಟೋ ಕಾರ್ಡ್‌ಗಳು ಹೋಗಿರುವುದೇ ಇಲ್ಲ.

ಮೊದಲು ಆ ಸಂದೇಶ ಏನು ಹೇಳುತ್ತಿದೆ ಅಂತ ತಿಳಿದುಕೊಳ್ಳಿ. ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿಯೊಂದು ಕಾರ್ಡಿನ ಒಳಗೇ ಇರುತ್ತದೆ. ಆ ಪಟ್ಟಿಯನ್ನು ಓದಲು ಫೋನಿಗೆ ಆಗಿಲ್ಲ, ಅಷ್ಟೇ. ಮಂಡಿಯಲ್ಲಿ ಲೆಕ್ಕದ ಪುಸ್ತಕ ಕಳೆದುಹೋದರೂ ಮೂಟೆಗಳು ಗೋದಾಮಿನಲ್ಲೇ ಇರುತ್ತವಲ್ಲ, ಹಾಗೆ. ಆದರೆ ಫೋನಿಗೆ ಹುಡುಕುವ ತಾಳ್ಮೆ ಇಲ್ಲ. ಹಳೆಯದನ್ನೆಲ್ಲ ಬಿಟ್ಟು ಹೊಸ ಪಟ್ಟಿ ಶುರು ಮಾಡೋಣ ಅನ್ನುತ್ತದೆ. ಅದೇ ಫಾರ್ಮ್ಯಾಟ್.

‘ಫಾರ್ಮ್ಯಾಟ್ ಆದ ಮೇಲೂ ರಿಕವರಿ ಮಾಡಬಹುದಂತೆ’ ಅಂತ ಯಾರಾದರೂ ಹೇಳಬಹುದು. ಕಂಪ್ಯೂಟರಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದ್ದರೆ ಆ ಮಾತು ಬಹುಮಟ್ಟಿಗೆ ಸರಿ. ಅಲ್ಲಿ ಪಟ್ಟಿ ಮಾತ್ರ ಅಳಿಯುತ್ತದೆ, ಫೋಟೋಗಳು ಇದ್ದಲ್ಲೇ ಇರುತ್ತವೆ. ಆದರೆ ಆಂಡ್ರಾಯ್ಡ್ ಫೋನ್ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಫಾರ್ಮ್ಯಾಟ್ ಮಾಡುವ ಮುಂಚೆ ‘ಈ ಜಾಗವೆಲ್ಲ ಇನ್ನು ಬೇಡ, ಖಾಲಿ ಮಾಡಿಕೋ’ ಅಂತ ಕಾರ್ಡ್‌ಗೇ ಹೇಳುತ್ತದೆ. ಕಾರ್ಡ್ ಆ ಮಾತು ಕೇಳಿತು ಅಂದರೆ ಆಮೇಲೆ ಯಾವ ಸಾಫ್ಟ್‌ವೇರ್ ಹಾಕಿದರೂ ಸಿಗುವುದು ಸೊನ್ನೆ. ರಿಕವರಿ ಮಾಡುವುದಿದ್ದರೆ ಫಾರ್ಮ್ಯಾಟ್‌ಗೆ ಮುಂಚೆಯೇ ಮಾಡಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಈಗ ಕೆಲಸಕ್ಕೆ ಬರೋಣ. ಕಾರ್ಡನ್ನು ತಿರುಗಿಸಿ ನೋಡಿ. ಹಿಂದೆ ಚಿನ್ನದ ಬಣ್ಣದ ಎಂಟು ಪಟ್ಟಿಗಳಿರುತ್ತವೆ. ಅವುಗಳ ಮೇಲೆ ಮಸುಕು ಪದರ, ಕೈಬೆರಳಿನ ಎಣ್ಣೆ, ಧೂಳು ಇದೆಯಾ ನೋಡಿ. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ನಮ್ಮಲ್ಲಿಗೆ ಬರುವ ಫೋನ್‌ಗಳ ಸಿಮ್ ಟ್ರೇ ಎಳೆದರೆ ಅಂಚಿನಲ್ಲಿ ಹಳದಿ ಹೊಟ್ಟಿನ ಪುಡಿ ಗೆರೆ ಎಳೆದ ಹಾಗೆ ಕೂತಿರುತ್ತದೆ. ಆ ಪುಡಿ ಒಂದೇ ಒಂದು ಪಿನ್ನಿಗೆ ಅಡ್ಡ ಬಂದರೂ ಸಾಕು, ಕಾರ್ಡ್ ಓದುವುದಿಲ್ಲ. ಒಣ ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ನೀರು ಬೇಡ, ಬಾಯಲ್ಲಿ ಊದುವುದೂ ಬೇಡ, ಎಂಜಲು ಹಾರುತ್ತದೆ. ಮತ್ತೆ ಹಾಕಿ ಫೋನ್ ಆನ್ ಮಾಡಿ. ಬಂದರೆ ಬೇರೆ ಎಲ್ಲ ಕೆಲಸ ಬಿಟ್ಟು ಮೊದಲು ಫೋಟೋಗಳನ್ನು ಕಾಪಿ ಮಾಡಿಕೊಳ್ಳಿ.

ಬರಲಿಲ್ಲವಾ? ಹಾಗಾದರೆ ಮುಂದಿನದನ್ನು ಮಾಡುವ ಮುಂಚೆ ಒಂದು ವಿಷಯ ನೆನಪು ಮಾಡಿಕೊಳ್ಳಿ. ಈ ಕಾರ್ಡನ್ನು ಮೊದಲ ಸಲ ಹಾಕಿದಾಗ ‘ಫೋನ್ ಸ್ಟೋರೇಜ್’ ಅಂತ ಆರಿಸಿದ್ದಿರಾ? ಆರಿಸಿದ್ದರೆ ಕಾರ್ಡಿನಲ್ಲಿರುವುದೆಲ್ಲ ಬೀಗ ಹಾಕಿದ ರೂಪದಲ್ಲಿದೆ, ಕೀಲಿ ಇರುವುದು ನಿಮ್ಮ ಆ ಒಂದು ಫೋನಿನಲ್ಲಿ ಮಾತ್ರ. ಬೇರೆ ಫೋನಿಗೆ ಹಾಕಿದರೂ ಕಂಪ್ಯೂಟರಿಗೆ ಹಾಕಿದರೂ ‘ಫಾರ್ಮ್ಯಾಟ್ ಮಾಡಿ’ ಅಂತಲೇ ಬರುತ್ತದೆ. ಅಂಥ ಕಾರ್ಡ್ ಇದ್ದರೆ ಅದೇ ಫೋನಿನಲ್ಲೇ ಓದಿಸಬೇಕು. ಆ ಫೋನಿಗೆ ಫ್ಯಾಕ್ಟರಿ ರಿಸೆಟ್ ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಮಾಡಿದರೆ ಕೀಲಿಯೂ ಹೋಗುತ್ತದೆ, ಆಮೇಲೆ ಯಾರ ಕೈಯಲ್ಲೂ ಏನೂ ಆಗುವುದಿಲ್ಲ.

ಪೋರ್ಟಬಲ್ ಆಗಿದ್ದರೆ ದಾರಿ ಸುಲಭ. ಕಾರ್ಡ್ ರೀಡರ್ ತೆಗೆದುಕೊಂಡು ಕಂಪ್ಯೂಟರಿಗೆ ಹಾಕಿ. ಚಿಕ್ಕ ಕಾರ್ಡನ್ನು ಒಳಗೆ ಕೂರಿಸುವ ದೊಡ್ಡ ಅಡಾಪ್ಟರ್ ಇದ್ದರೆ ಅದರ ಪಕ್ಕದಲ್ಲಿ ಲಾಕ್ ಅಂತ ಒಂದು ಪುಟ್ಟ ಗುಂಡಿ ಇರುತ್ತದೆ ಅಲ್ವಾ, ಅದನ್ನು ಲಾಕ್ ಕಡೆಗೆ ಎಳೆದಿಡಿ. ಆಗ ಕಂಪ್ಯೂಟರ್ ಓದುತ್ತದೆಯೇ ಹೊರತು ಅದರ ಮೇಲೆ ಏನೂ ಬರೆಯುವುದಿಲ್ಲ. ವಿಂಡೋಸ್ ಕೂಡ ಫಾರ್ಮ್ಯಾಟ್ ಮಾಡಲೇ ಅಂತ ಕೇಳಬಹುದು, ಕ್ಯಾನ್ಸಲ್ ಒತ್ತಿ. ‘ಸ್ಕ್ಯಾನ್ ಮಾಡಿ ಸರಿಪಡಿಸಲೇ’ ಅಂತ ಕೇಳಿದರೂ ಬೇಡ ಅನ್ನಿ. ಫೋಲ್ಡರ್‌ಗಳು ಕಾಣಿಸಿದರೆ ಮೊದಲು ಪೂರ್ತಿ ಕಾಪಿ, ಉಳಿದಿದ್ದು ಆಮೇಲೆ.

ಫೋಲ್ಡರ್ ಕಾಣಿಸುವುದಿಲ್ಲ, ಆದರೆ ಡ್ರೈವ್ ಅಂತ ತೋರಿಸುತ್ತಿದೆ ಅನ್ನುವುದಾದರೆ ಫೋಟೋರೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿ. ಅದು ಪಟ್ಟಿಯನ್ನು ನಂಬುವುದೇ ಇಲ್ಲ. ಕಾರ್ಡನ್ನು ಮೂಲೆ ಮೂಲೆ ಜಾಲಾಡಿ ‘ಇದು ಫೋಟೋ ಇದ್ದ ಹಾಗಿದೆ, ಇದು ಆಡಿಯೋ ಇದ್ದ ಹಾಗಿದೆ’ ಅಂತ ಆರಿಸುತ್ತದೆ. ನೋಡಲು ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್ ನಡೆಯುವುದಿಲ್ಲ. ಹೆದರಬೇಡಿ. ಹೊರತೆಗೆದ ಫೈಲ್‌ಗಳನ್ನು ಕಂಪ್ಯೂಟರಿನಲ್ಲೇ ಉಳಿಸಿ, ಅದೇ ಕಾರ್ಡಿನ ಮೇಲೆ ಉಳಿಸಬೇಡಿ. ಒಂದು ಕಷ್ಟ ಏನೆಂದರೆ ಫೈಲ್‌ಗಳ ಹೆಸರು ಉಳಿಯುವುದಿಲ್ಲ, ಬರೀ ನಂಬರ್ ಇರುತ್ತವೆ. ತಂದೆಯವರ ಭಜನೆಗಳನ್ನು ಒಂದೊಂದಾಗಿ ಹಾಕಿ ಕೇಳಿ ಹೆಸರು ಕೊಡಬೇಕಾಗುತ್ತದೆ. ಒಂದು ಭಾನುವಾರ ಹಿಡಿಯುತ್ತದೆ.

ಕಂಪ್ಯೂಟರಿಗೆ ಕಾರ್ಡ್ ಇದೆ ಅಂತಲೇ ಗೊತ್ತಾಗದಿದ್ದರೆ, ಇನ್ನೊಂದು ರೀಡರ್ ಹಾಕಿ ನೋಡಿ. ಆಗಲೂ ಇಲ್ಲ ಅಂದರೆ ನನ್ನಂಥ ಅಂಗಡಿಯವರ ಕೈಯಲ್ಲೂ ಆಗುವ ಕೆಲಸವಲ್ಲ. ಡೇಟಾ ರಿಕವರಿಯನ್ನೇ ಕಸುಬು ಮಾಡಿಕೊಂಡವರ ಲ್ಯಾಬ್‌ಗೆ ಕೊಡಬೇಕು. ಅಲ್ಲಿ ಖರ್ಚು ಕಾರ್ಡಿನ ಬೆಲೆಗಿಂತ ತುಂಬಾ ಜಾಸ್ತಿ ಆಗುತ್ತದೆ.

ಬೇಕಾದ್ದೆಲ್ಲ ಹೊರಗೆ ಬಂತಾ? ಈಗ ಫಾರ್ಮ್ಯಾಟ್ ಮಾಡಿ, ಧಾರಾಳವಾಗಿ. ಯಾವ ಫೋನಿನಲ್ಲಿ ಬಳಸುತ್ತೀರೋ ಅದೇ ಫೋನಿನಲ್ಲಿ ಮಾಡುವುದು ಒಳ್ಳೆಯದು. ಸೆಟ್ಟಿಂಗ್ಸ್‌ಗೆ ಹೋಗಿ, ಸ್ಟೋರೇಜ್ ತೆಗೆಯಿರಿ, ಎಸ್‌ಡಿ ಕಾರ್ಡ್ ಒತ್ತಿ, ಮೇಲೆ ಮೂಲೆಯಲ್ಲಿರುವ ಮೂರು ಚುಕ್ಕಿ ಒತ್ತಿದರೆ ಫಾರ್ಮ್ಯಾಟ್ ಸಿಗುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಸ್ಟೋರೇಜ್ ಅನ್ನುವುದು ಡಿವೈಸ್ ಕೇರ್ ಒಳಗೆ ಕೂತಿರುತ್ತದೆ. ಬೇರೆ ಕಂಪನಿಗಳಲ್ಲೂ ಹೆಸರು ಸ್ವಲ್ಪ ಆಚೀಚೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಸ್ಟೋರೇಜ್ ಅಂತ ಟೈಪ್ ಮಾಡಿ. ಚಾರ್ಜ್ ಸಾಕಷ್ಟಿರಲಿ, ಮುಗಿಯುವ ತನಕ ಟ್ರೇ ಎಳೆಯಬೇಡಿ.

64 ಜಿಬಿ ಕಾರ್ಡ್ ಅಂದಿರಲ್ಲ, ಅದಕ್ಕೊಂದು ಮಾತು. 32 ಜಿಬಿ ತನಕದ ಕಾರ್ಡ್‌ಗಳು ಫ್ಯಾಟ್32 ಅನ್ನುವ ಪದ್ಧತಿಯಲ್ಲಿ ಬರುತ್ತವೆ, ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್‌ನಲ್ಲಿ. ತುಂಬಾ ಹಳೆಯ ಕೆಲವು ಫೋನ್‌ಗಳಿಗೆ ಎಕ್ಸ್‌ಫ್ಯಾಟ್ ಬರುವುದಿಲ್ಲ. ಕಾರ್ಡ್ ಚೆನ್ನಾಗಿದ್ದರೂ ಅವು ‘ಸಮಸ್ಯೆ ಇದೆ’ ಅಂತ ಗಲಾಟೆ ಮಾಡುತ್ತವೆ. ಕ್ಯಾಮೆರಾದಿಂದ ತೆಗೆದ ಕಾರ್ಡನ್ನು ಅಂಥ ಫೋನಿಗೆ ಹಾಕಿದಾಗ ಹೀಗಾಗುತ್ತದೆ. ಹಾಗಂತ ಎಲ್ಲವನ್ನೂ ಫ್ಯಾಟ್32 ಮಾಡಿಕೊಳ್ಳಲು ಹೋಗಬೇಡಿ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಮದುವೆ ವಿಡಿಯೋ ಕಾಪಿ ಮಾಡುವಾಗ ಅರ್ಧಕ್ಕೆ ನಿಂತಿತು ಅಂತ ಬರುವವರ ಕಥೆ ಮುಕ್ಕಾಲು ಪಾಲು ಇದೇ.

ಫೋನ್ ಸ್ಟೋರೇಜಾ, ಪೋರ್ಟಬಲ್ಲಾ? ಪೋರ್ಟಬಲ್. ಯೋಚನೆಯೇ ಬೇಡ.

ಫೋನ್ ಸ್ಟೋರೇಜ್ ಅನ್ನುವ ಈ ಸೌಲಭ್ಯ ಬಂದಿದ್ದು 2015ರಲ್ಲಿ, ಆಂಡ್ರಾಯ್ಡ್ 6.0 ಜೊತೆಗೆ. ಆಗ 8 ಜಿಬಿ, 16 ಜಿಬಿ ಫೋನ್‌ಗಳೇ ಜಾಸ್ತಿ ಓಡಾಡುತ್ತಿದ್ದವು. ನಾಲ್ಕು ಆ್ಯಪ್ ಹಾಕಿದರೆ ಜಾಗ ಮುಗಿಯುತ್ತಿತ್ತು. ಆಗ ಅದಕ್ಕೊಂದು ಅರ್ಥ ಇತ್ತು. ಈಗ ಅದರಿಂದ ತೊಂದರೆಯೇ ಹೆಚ್ಚು. ಫೋನಿನ ಒಳಗಿನ ಮೆಮೊರಿಗೆ ಹೋಲಿಸಿದರೆ ಕಾರ್ಡ್ ತುಂಬಾ ನಿಧಾನ, ಹಾಗಾಗಿ ಕಾರ್ಡಿಗೆ ಹೋದ ಆ್ಯಪ್‌ಗಳು ತಡವರಿಸುತ್ತವೆ. ಕಾರ್ಡ್ ಕೈಕೊಟ್ಟರೆ ಆ್ಯಪ್‌ಗಳೂ ಅದರ ಜೊತೆಗೇ ಹೋಗುತ್ತವೆ. ಇನ್ನು ಕೀಲಿಯ ಕಥೆ ಆಗಲೇ ಹೇಳಿದೆ: ಫೋನ್ ಬಿದ್ದು ಸತ್ತರೆ, ಕಾರ್ಡ್ ಗಟ್ಟಿಯಾಗಿದ್ದರೂ ಫೋಟೋ ಇಲ್ಲ. ಮೆಮೊರಿ ಕಾರ್ಡ್ ಇಟ್ಟುಕೊಳ್ಳುವುದೇ ಫೋನಿಗೆ ಏನಾದರೂ ಆದರೆ ಫೋಟೋ ಉಳಿಯಲಿ ಅಂತ ಅಲ್ವಾ? ಸ್ಯಾಮ್‌ಸಂಗ್‌ನ ಫೋನ್‌ಗಳಲ್ಲಿ ಈ ಆಯ್ಕೆಯನ್ನು ಸಾಮಾನ್ಯವಾಗಿ ಕೊಡುವುದೇ ಇಲ್ಲ. ಅವರು ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ. ಮನೆಯಲ್ಲಿ ಯಾರದ್ದಾದರೂ ಹಳೆಯ 16 ಜಿಬಿ ಫೋನಿದ್ದು, ಅದರಲ್ಲಿ ಜಾಗವೇ ಇಲ್ಲ ಅನ್ನುವುದಾದರೆ ಮಾತ್ರ, ಎ1 ಅಥವಾ ಎ2 ಗುರುತಿರುವ (ಆ್ಯಪ್ ಓಡಿಸಲು ತಕ್ಕ ವೇಗ ಇದೆ ಅನ್ನುವ ಗುರುತು) ಒಳ್ಳೆಯ ಕಾರ್ಡ್ ತಂದು ಹಾಗೆ ಮಾಡಬಹುದು. ಫೋಟೋಗಳನ್ನು ಮಾತ್ರ ಅದರಲ್ಲಿ ಬಿಡಬೇಡಿ.

ಫಾರ್ಮ್ಯಾಟ್ ಆದ ಮೇಲೆ ಕಾರ್ಡನ್ನು ಪರೀಕ್ಷೆ ಮಾಡದೆ ನಂಬಬೇಡಿ. ಇಲ್ಲಿ ಒಂದು ವಿಚಿತ್ರ ನೋಡುತ್ತೀರಿ. ‘ಫಾರ್ಮ್ಯಾಟ್ ಆಯಿತು’ ಅಂತ ಬರುತ್ತದೆ. ಕಾರ್ಡ್ ತೆಗೆದು ಮತ್ತೆ ಹಾಕಿದರೆ ಹಳೆಯ ಫೋಟೋಗಳು ಹಾಗ್‌ಹಾಗೇ ಕೂತಿರುತ್ತವೆ! ಡಿಲೀಟ್ ಮಾಡಿದರೆ ಹೋಗುತ್ತವೆ, ಫೋನ್ ಆಫ್ ಮಾಡಿ ಆನ್ ಮಾಡಿದರೆ ವಾಪಸ್ ಬರುತ್ತವೆ. ಇದು ವೈರಸ್ ಅಲ್ಲ, ಮಾಟ ಮಂತ್ರವೂ ಅಲ್ಲ. ಬರೆದು ಅಳಿಸಿ ಬರೆದು ಅಳಿಸಿ ಸವೆದ ಕಾರ್ಡ್ ‘ಇನ್ನು ಬರೆಸಿಕೊಳ್ಳುವುದಿಲ್ಲ, ಓದಲು ಮಾತ್ರ ಕೊಡುತ್ತೇನೆ’ ಅಂತ ತನ್ನನ್ನು ತಾನೇ ಮುಚ್ಚಿಕೊಂಡಿರುತ್ತದೆ. ಯಾವ ಸಾಫ್ಟ್‌ವೇರಿನಿಂದಲೂ ಅದು ಸರಿಹೋಗುವುದಿಲ್ಲ. ಒಳಗಿನದನ್ನು ಕಾಪಿ ಮಾಡಿಕೊಂಡು ಕಾರ್ಡ್ ಬಿಸಾಕಿ. ಒಂದು ಲೆಕ್ಕದಲ್ಲಿ ಅದೃಷ್ಟವೇ, ಓದುವುದಾದರೂ ಬಿಡುತ್ತದಲ್ಲ.

ಇನ್ನೊಂದು ಜಾತಿ ಇದೆ, ಸುಳ್ಳು ಕಾರ್ಡ್. 1 ಟಿಬಿ ಅಂತ ಬರೆದು ಮುನ್ನೂರು ನಾನೂರು ರೂಪಾಯಿಗೆ ಕೊಡುತ್ತಾರಲ್ಲ, ಅದು. ಒಳಗಿರುವುದು ಎಷ್ಟೋ ಸಣ್ಣ ಚಿಪ್. ಆದರೆ ದೊಡ್ಡದು ಅಂತ ಫೋನಿಗೆ ಸುಳ್ಳು ಹೇಳುವ ಹಾಗೆ ಅದನ್ನು ತಿದ್ದಿರುತ್ತಾರೆ. ನಿಜವಾದ ಜಾಗ ತುಂಬುವ ತನಕ ಎಲ್ಲ ಸರಿ. ಆಮೇಲೆ ಹಾಕಿದ ಫೋಟೋಗಳ ಹೆಸರು ಕಾಣಿಸುತ್ತದೆ, ತೆರೆದರೆ ಬೂದು ಬಣ್ಣ. ಫಾರ್ಮ್ಯಾಟ್ ಮಾಡಿದರೆ ಮತ್ತೆ ಕೆಲವು ದಿನ ಚೆನ್ನಾಗಿರುತ್ತದೆ, ಮತ್ತೆ ಅದೇ ಗೋಳು. ನಿಮ್ಮ ಕಾರ್ಡ್ ಮೇಲೆ ಅನುಮಾನ ಇದ್ದರೆ ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ. ಅದು ಕಾರ್ಡನ್ನು ಪೂರ್ತಿ ತುಂಬಿಸಿ, ವಾಪಸ್ ಓದಿ, ಹೊಂದುತ್ತದಾ ಅಂತ ಹೇಳುತ್ತದೆ. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಉತ್ತರ ಸಿಗುತ್ತದೆ. ಆದರೆ 64 ಜಿಬಿ ಕಾರ್ಡ್ 59 ಅಂತ ಮಾತ್ರ ತೋರಿಸಿದರೆ ಸುಮ್ನೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ವ್ಯತ್ಯಾಸ ಅಷ್ಟೇ.

ಅಂದಹಾಗೆ, ಭಜನೆ ರೆಕಾರ್ಡಿಂಗ್‌ಗಳು ಕಾರ್ಡಿನಲ್ಲೇ ಇವೆ ಅಂತ ನಿಮಗೆ ಖಾತ್ರಿ ಇದೆಯಾ? ರೆಕಾರ್ಡರ್ ಆ್ಯಪ್‌ಗಳಲ್ಲಿ ಎಷ್ಟೋ ಆ್ಯಪ್‌ಗಳು ನಾವಾಗಿ ಬದಲಾಯಿಸದಿದ್ದರೆ ಫೋನಿನ ಮೆಮೊರಿಯಲ್ಲೇ ಉಳಿಸುತ್ತವೆ. ವಾಟ್ಸಾಪ್‌ನಲ್ಲಿ ಬಂದ ಆಡಿಯೋ, ಫೋಟೋಗಳೂ ಫೋನಿನ ಮೆಮೊರಿಯಲ್ಲೇ ಇರುತ್ತವೆ, ತಾನಾಗಿ ಕಾರ್ಡಿಗೆ ಹೋಗುವುದಿಲ್ಲ. ಕಾರ್ಡ್ ಹೊರಗಿರುವಾಗಲೇ ಫೈಲ್ಸ್ ಆ್ಯಪ್ ತೆರೆದು ಆಡಿಯೋ ವಿಭಾಗ ನೋಡಿ. ಗೂಗಲ್ ಫೋಟೋಸ್‌ನಲ್ಲಿ 2022ರ ಸೆಪ್ಟೆಂಬರ್‌ಗೆ ಹೋಗಿ ಮಾರಿಕಣಿವೆ ಫೋಟೋಗಳು ಇವೆಯಾ ಅಂತಲೂ ಹುಡುಕಿ. ಅಲ್ಲೇ ಸಿಕ್ಕರೆ ಮೇಲೆ ಹೇಳಿದ ರಿಕವರಿ ಪಾಡು ಯಾವುದೂ ಬೇಡ.

ಫೋನಿನ ಮಾಡೆಲ್ ಯಾವುದು, ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಾಗ ಏನು ಬಂತು ಅಂತ ಕೆಳಗೆ ಬರೆಯಿರಿ. ಅದನ್ನು ನೋಡಿ ಮುಂದಿನದು ಹೇಳುತ್ತೇನೆ.