ಗ್ರೇಡ್ 2 ಪೈಲ್ಸ್‌ಗೆ ಆಪರೇಷನ್ ಮಾಡಿಸಲೇಬೇಕಾ?

ಸಾಮಾನ್ಯವಾಗಿ ಈಗಲೇ ಬೇಡ. ಗ್ರೇಡ್ 2 ಅಂದ್ರೆ ಮುಕ್ಕಿದಾಗ ಗಂಟು ಹೊರಗೆ ಬಂದು ತಾನಾಗಿಯೇ ಒಳಗೆ ಹೋಗುತ್ತದೆ. ಮೊದಲು ಕೆಲವು ವಾರ ಸೊಪ್ಪು, ಕಾಳು, ಇಸಬ್‌ಗೋಲ್ ಜಾಸ್ತಿ ಮಾಡಿ, ದಿನಕ್ಕೆ 25-30 ಗ್ರಾಂ ನಾರು ಹೊಟ್ಟೆಗೆ ಹೋಗಲಿ, ಚೆನ್ನಾಗಿ ನೀರು ಕುಡಿಯಿರಿ, ಮೊಬೈಲ್ ಹಿಡಿದು ಟಾಯ್ಲೆಟ್‌ನಲ್ಲಿ ಅರ್ಧ ಗಂಟೆ ಕೂರೋದು ದಯವಿಟ್ಟು ಬಿಡಿ. ಆಮೇಲೂ ರಕ್ತ ನಿಲ್ಲದಿದ್ದರೆ ಬ್ಯಾಂಡ್ ಹಾಕುತ್ತಾರೆ: ಗಂಟಿನ ಬುಡಕ್ಕೆ ಪುಟ್ಟ ರಬ್ಬರ್ ಬ್ಯಾಂಡ್ ಬಿಗಿದರೆ ರಕ್ತ ಸಿಗದೆ ಅದು ಒಣಗಿ ಕೆಲವೇ ದಿನಗಳಲ್ಲಿ ಉದುರುತ್ತದೆ. ಗಂಟನ್ನು ಬೆರಳಿಂದ ಒಳಗೆ ತಳ್ಳಬೇಕಾಗಿ ಬಂದರೆ, ಅಥವಾ ತಳ್ಳಿದರೂ ಹೋಗದಿದ್ದರೆ, ಆಗ ಆಪರೇಷನ್ ಬಗ್ಗೆ ಯೋಚಿಸಿ. ಕತ್ತರಿಸುವ ಆಪರೇಷನ್ ಆದ್ರೆ 2-4 ವಾರ ನೋವಿರುತ್ತದೆ, ರಜೆ ನೋಡಿಕೊಳ್ಳಿ. ಇನ್ನೊಂದು, ವಯಸ್ಸು 45 ದಾಟಿದ್ದರೆ ರಕ್ತ ಬರೋದು ಪೈಲ್ಸ್‌ನಿಂದಲೇ ಅಂತ ಸುಮ್ನೆ ಕೂರಬೇಡಿ, ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಬೇಕಾ ಅಂತ ಡಾಕ್ಟರನ್ನು ಕೇಳಿ.