ಲೈಪ್‌ಜಿಗ್‌ನ ಸಂಗೀತ ಸಭಾಂಗಣಕ್ಕೆ ‘ಗೆವಾಂಡ್‌ಹೌಸ್’ ಎಂಬ ಹೆಸರು ಬಂದದ್ದು ಹೇಗೆ?

ಜರ್ಮನಿಯ ಲೈಪ್‌ಜಿಗ್ ನಗರದ ಬಟ್ಟೆ ವರ್ತಕರ ಕಟ್ಟಡದಲ್ಲಿ 1781ರಲ್ಲಿ ಸಂಗೀತ ಸಭಾಂಗಣವೊಂದು ಆರಂಭವಾಯಿತು. ಆ ಕಟ್ಟಡದ ಹೆಸರೇ, ಅಂದರೆ ‘ಬಟ್ಟೆಯ ಮನೆ’ ಎಂಬ ಅರ್ಥದ ಗೆವಾಂಡ್‌ಹೌಸ್, ಸಭಾಂಗಣಕ್ಕೂ ಅದರ ವಾದ್ಯವೃಂದಕ್ಕೂ ಉಳಿದುಕೊಂಡಿತು. ಅಲ್ಲಿ ಶ್ರೋತೃಗಳು ವೇದಿಕೆಗೆ ಅಭಿಮುಖವಾಗಿರದೆ, ಉದ್ದನೆಯ ಗೋಡೆಗಳಿಗೆ ಸಮಾನಾಂತರವಾದ ಸಾಲುಗಳಲ್ಲಿ ಪರಸ್ಪರ ಎದುರುಬದುರಾಗಿ ಕುಳಿತು ಸಂಗೀತ ಕೇಳುತ್ತಿದ್ದರು. 1835ರಿಂದ ಜರ್ಮನ್ ಸಂಗೀತ ರಚನಕಾರ ಮೆಂಡೆಲ್ಸನ್ ವಾದ್ಯವೃಂದದ ನಿರ್ದೇಶಕರಾಗಿದ್ದ ಕಾಲವೇ, ನನ್ನ ದೃಷ್ಟಿಯಲ್ಲಿ, ಇದರ ಅತ್ಯಂತ ಫಲವತ್ತಾದ ಅಧ್ಯಾಯ. ಆಸ್ಟ್ರಿಯಾದ ಸಂಗೀತ ರಚನಕಾರ ಶೂಬರ್ಟ್ ತೀರಿಕೊಂಡು ಹತ್ತು ವರ್ಷ ಕಳೆದ ಮೇಲೆ, ಅವರ ‘ಮಹಾ’ ಸಿ ಮೇಜರ್ ಸಿಂಫನಿಯನ್ನು (ವಾದ್ಯವೃಂದಕ್ಕಾಗಿ ಬರೆದ ದೀರ್ಘ ಕೃತಿ) 1839ರಲ್ಲಿ ಮೆಂಡೆಲ್ಸನ್ ಮೊದಲ ಬಾರಿಗೆ ನುಡಿಸಿದ್ದು ಇಲ್ಲಿಯೇ. 1884ರಲ್ಲಿ ತೆರೆದ ಎರಡನೆಯ ಕಟ್ಟಡ ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗೆ ತುತ್ತಾಯಿತು. ಈಗಿನದು 1981ರದು. ಮೊದಲ ಸಭಾಂಗಣದ ಗೋಡೆಯ ಮೇಲಿದ್ದ, ‘ನಿಜವಾದ ಆನಂದವು ಗಂಭೀರವಾದ ಸಂಗತಿ’ ಎಂಬರ್ಥದ ಲ್ಯಾಟಿನ್ ಸಾಲನ್ನು ಇಂದು ಈಗಿನ ಸಭಾಂಗಣದ ಆರ್ಗನ್ ವಾದ್ಯದ ಮೇಲೆ ಓದಬಹುದು.