ಮಾಹಿತಿ ಹುಡುಕಿ ಪರೀಕ್ಷಿಸುವುದನ್ನು ವಿದ್ಯಾರ್ಥಿಗಳಿಗೆ ಕಲಿಸಲು ಪುಣೆಯ ಕಾಲೇಜಿಗೆ ಅನುದಾನ ಸಿಗುತ್ತಾ?

ಸಿಗಬಹುದು. ಆದರೆ ಆ ಹೆಸರಿನದೇ ಯೋಜನೆ ಹುಡುಕುತ್ತಾ ಕೂರಬೇಡಿ. ಕಾಲೇಜು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ ಅದರ ಗುಣಮಟ್ಟ ಸುಧಾರಣೆ ಯೋಜನೆಯ ಈ ವರ್ಷದ ಸುತ್ತೋಲೆ ನೋಡಿ, ಕಾರ್ಯಾಗಾರಕ್ಕೆಂದು ಅರ್ಜಿ ಹಾಕಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹಣ ಬೇಕಾದರೆ ಕಾಲೇಜು 12ಬಿ ಪಟ್ಟಿಯಲ್ಲಿ, ಅಂದರೆ ಅನುದಾನಕ್ಕೆ ಅರ್ಹ ಅಂತ ಆಯೋಗ ಗುರುತಿಸಿದ ಕಾಲೇಜುಗಳ ಪಟ್ಟಿಯಲ್ಲಿರಬೇಕು.

ಡೇಟಾಬೇಸ್ ಕೊಳ್ಳಲು ಜಾಸ್ತಿ ಹಣ ಕೇಳಬೇಡಿ. 2025ರ ಜನವರಿಯಿಂದ ಸರ್ಕಾರಿ ಶಿಕ್ಷಣ ಸಂಸ್ಥೆಗಳಿಗೆ ‘ಒಂದು ದೇಶ ಒಂದು ಚಂದಾ’ ಯೋಜನೆಯಲ್ಲಿ ಸುಮಾರು 13,000 ಸಂಶೋಧನಾ ಜರ್ನಲ್‌ಗಳು ಸಿಗುತ್ತಿವೆ. ಪಿಎಚ್‌ಡಿ ಪ್ರಬಂಧಗಳಿರುವ ಶೋಧಗಂಗಾ ಎಲ್ಲರಿಗೂ ಉಚಿತ. ಕೊರತೆ ಇರುವುದು ಪಕ್ಕದಲ್ಲಿ ಕೂತು ಹೇಳಿಕೊಡುವವರದು. ಹಣವನ್ನು ಅದಕ್ಕೇ ಕೇಳಿ, ಏನು ಮಾಡಿಸುತ್ತೀರಿ ಅಂತ ಬಿಡಿಸಿ ಬರೆಯಿರಿ.

ಪುಣೆಯಲ್ಲಿ ಓದುವ ನಮ್ಮ ಕನ್ನಡದ ಮಕ್ಕಳಿಗೆ ಈ ಅಭ್ಯಾಸ ಚೆನ್ನಾಗಿರುತ್ತದೆ: ಶೋಧಗಂಗಾದಲ್ಲಿ ‘ವಚನ ಸಾಹಿತ್ಯ’ ಅಂತ ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಸಿ. ಎರಡು ಪಟ್ಟಿಯನ್ನೂ ಹೋಲಿಸಲಿ, ವ್ಯತ್ಯಾಸ ಯಾಕೆ ಅಂತ ಅವರೇ ಯೋಚಿಸಲಿ. ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಒಂದು ಆರೋಗ್ಯ ಸಲಹೆ ಕೊಟ್ಟು, ಅದರ ಮೂಲ ಹುಡುಕಿಸಿ. ಕಾರ್ಯಾಗಾರಕ್ಕೆ ಮೊದಲೂ ನಂತರವೂ ಇಂಥದೇ ಕೆಲಸ ಕೊಟ್ಟರೆ, ಎಷ್ಟು ಕಲಿತರು ಅಂತ ವರದಿಯಲ್ಲಿ ತೋರಿಸಬಹುದು.